ಪಲಾಯಿತ ಕಥಾನಕ (ಅಮೆರಿಕದ ಪಶ್ಚಿಮ ಮರುಭೂಮಿ)

ಪಲಾಯಿತ ಕಥಾನಕವು ವೆಸ್ಟರ್ನ್ ಎಂದು ಹೆಸರಾದ ಕಾದಂಬರಿ ಮತ್ತು ಚಲನಚಿತ್ರ ಪ್ರಕಾರದ ಒಂದು ಶಾಖೆ. ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದ ಮರುಭೂಮಿಯಲ್ಲಿ ಕಾನೂನಿನ ಕೈಗೆ ಸಿಗದೆ ತಲೆಮರೆಸಿಕೊಂಡು ಓಡುತ್ತಿರುವವರನ್ನು ಕೇಂದ್ರದಲ್ಲಿರಿಸಿ, ಅವರನ್ನು ಕಾಡುವ ಅಪರಾಧಪ್ರಜ್ಞೆ, ಅವರಿಗೆ ಸಲ್ಲುವ ಅಥವಾ ತಪ್ಪಿಹೋಗುವ ನ್ಯಾಯ ಮತ್ತು ಓಟದ ನಡುವೆ ಅವರಿಗೆ ಒದಗುವ ಪ್ರೇಮ ಈ ಮೂರನ್ನೂ ಅದು ಒಂದೇ ಕಥೆಯಲ್ಲಿ ಹೆಣೆಯುತ್ತದೆ. ಪಲಾಯಿತ ಎಂಬ ಪದವನ್ನು ಇಲ್ಲಿ ಬಂಧನ, ವಿಚಾರಣೆ ಅಥವಾ ಶಿಕ್ಷೆಯಿಂದ ತಪ್ಪಿಸಿಕೊಂಡು ಹೋಗುತ್ತಿರುವ ವ್ಯಕ್ತಿ ಎಂಬ ಅರ್ಥದಲ್ಲಿ ಬಳಸಲಾಗಿದ್ದು, ಆತ ನಿಜಕ್ಕೂ ತಪ್ಪಿತಸ್ಥನೇ ಎಂಬ ತೀರ್ಮಾನ ಆ ಪದದಲ್ಲಿ ಸೇರಿಲ್ಲ. ಅಪರಾಧವೆಂದರೆ ಕಾನೂನು ಗುರುತಿಸುವ ಕೃತ್ಯ. ಅಪರಾಧಪ್ರಜ್ಞೆಯೆಂದರೆ ಅದನ್ನು ಮಾಡಿದವನು, ಅಥವಾ ಮಾಡಿದೆನೆಂದು ನಂಬಿಕೊಂಡವನು, ಮನಸ್ಸಿನಲ್ಲಿ ಹೊರುವ ಭಾರ. ಇವೆರಡೂ ಒಂದಕ್ಕೊಂದು ತಾಳೆಯಾಗದೆ ಹೋದಾಗ ಉಂಟಾಗುವ ಬಿಕ್ಕಟ್ಟಿನಿಂದಲೇ ಈ ಶಾಖೆಯ ಉತ್ತಮ ಕೃತಿಗಳೆಲ್ಲ ಹುಟ್ಟಿವೆ.

ಭೌಗೋಳಿಕ ಹಿನ್ನೆಲೆ

ಉತ್ತರ ಅಮೆರಿಕದ ನಾಲ್ಕು ದೊಡ್ಡ ಮರುಭೂಮಿಗಳಾದ ಗ್ರೇಟ್ ಬೇಸಿನ್, ಮೊಹಾವಿ, ಸೊನೊರನ್ ಮತ್ತು ಚಿವಾವಾನ್‌ಗಳು ನೆವಾಡಾ, ಯೂಟಾ, ಕ್ಯಾಲಿಫೋರ್ನಿಯ, ಅರಿಝೋನಾ, ನ್ಯೂ ಮೆಕ್ಸಿಕೊ ಮತ್ತು ಟೆಕ್ಸಸ್ ರಾಜ್ಯಗಳಲ್ಲಿ ಹರಡಿಕೊಂಡಿದ್ದು, ಸೊನೊರನ್ ಮತ್ತು ಚಿವಾವಾನ್‌ಗಳು ಗಡಿ ದಾಟಿ ಮೆಕ್ಸಿಕೊದೊಳಕ್ಕೂ ಚಾಚಿವೆ. ಮೊಹಾವಿಯ ಅಂಚಿನಲ್ಲಿರುವ ಡೆತ್ ವ್ಯಾಲಿ ಎಂಬ ಕಣಿವೆಯ ಅತಿ ತಗ್ಗಿನ ಜಾಗವಾದ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಅದೇ ಕಣಿವೆಯಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಗಿದೆ. ಇಂಥ ನೆಲದಲ್ಲಿ ಒರತೆಗಳೂ ಬಂಡೆಯ ಕುಳಿಗಳಲ್ಲಿ ನಿಲ್ಲುವ ಮಳೆನೀರೂ ದೂರದೂರಕ್ಕೆ ಚದುರಿರುವುದರಿಂದ, ಓಡುವವನ ದಾರಿಯನ್ನು ನೀರೇ ನಿರ್ಧರಿಸುತ್ತದೆ. ಬೆನ್ನಟ್ಟುವವನಿಗೂ ಅದು ತಿಳಿದಿರುವುದರಿಂದ ಒರತೆಯ ಬಳಿ ಕಾದು ಕುಳಿತರೆ ಸಾಕಾಗುತ್ತದೆ. ಕಥಾನಕದ ಯಂತ್ರ ನಿಂತಿರುವುದು ಈ ಸರಳ ಸಂಗತಿಯ ಮೇಲೆ.

ಐತಿಹಾಸಿಕ ಹಿನ್ನೆಲೆ

ಮೆಕ್ಸಿಕೊದೊಡನೆ ನಡೆದ ಯುದ್ಧವನ್ನು ಕೊನೆಗೊಳಿಸಿದ 1848ರ ಗ್ವಾಡಲೂಪೆ ಇಡಾಲ್ಗೊ ಒಪ್ಪಂದದಿಂದ ಈ ಪ್ರದೇಶದ ಬಹುಭಾಗ ಸಂಯುಕ್ತ ಸಂಸ್ಥಾನದ ವಶವಾಯಿತು. ಅರಿಝೋನಾ ಮತ್ತು ನ್ಯೂ ಮೆಕ್ಸಿಕೊಗಳು 1912ರವರೆಗೂ ಪೂರ್ಣ ರಾಜ್ಯಗಳಾಗಿರದೆ, ರಾಷ್ಟ್ರಾಧ್ಯಕ್ಷರು ನೇಮಿಸುವ ಗವರ್ನರುಗಳ ಆಡಳಿತದಲ್ಲಿದ್ದ ಪ್ರಾಂತಗಳಾಗಿದ್ದವು. ಒಂದೊಂದು ಕೌಂಟಿಗೂ ಚುನಾಯಿತನಾದ ಷೆರಿಫ್, ಒಕ್ಕೂಟ ಸರ್ಕಾರದ ಪರವಾಗಿ ಮಾರ್ಷಲ್, ಇವರು ಕರೆದಾಗ ಕುದುರೆ ಬಂದೂಕುಗಳೊಡನೆ ಸೇರಬೇಕಾಗಿದ್ದ ನಾಗರಿಕರ ಪಾಸಿ ಎಂಬ ತಂಡ, ಹಣಕ್ಕಾಗಿ ಕೆಲಸ ಮಾಡುತ್ತಿದ್ದ ಪಿಂಕರ್ಟನ್ ಪತ್ತೇದಾರರು, ತಲೆಗೆ ಕಟ್ಟಿದ ಬಹುಮಾನದ ಆಸೆಗೆ ಬೇಟೆಗಿಳಿದವರು ಹೀಗೆ ಕಾನೂನಿನ ಹೆಸರಿನಲ್ಲಿ ಹಲವು ಕೈಗಳು ಒಟ್ಟಿಗೆ ಕೆಲಸಮಾಡುತ್ತಿದ್ದವು. ಯಾರಿಗೆ ಶರಣಾಗಬೇಕು, ಶರಣಾದರೆ ನ್ಯಾಯಾಲಯದವರೆಗೆ ಜೀವಂತವಾಗಿ ತಲುಪುವ ಭರವಸೆಯಿದೆಯೇ ಎಂಬುದು ಪಲಾಯಿತನಿಗೆ ನಿಜವಾದ ಪ್ರಶ್ನೆಯಾಗಿತ್ತು.

ನ್ಯೂ ಮೆಕ್ಸಿಕೊದ ಲಿಂಕನ್ ಕೌಂಟಿಯಲ್ಲಿ 1878ರಲ್ಲಿ ನಡೆದ ವ್ಯಾಪಾರಿ ಬಣಗಳ ಕಾಳಗದಲ್ಲಿ ಪಾಲ್ಗೊಂಡಿದ್ದ ಬಿಲ್ಲಿ ದಿ ಕಿಡ್‌ನ ಪ್ರಕರಣ ಇದಕ್ಕೆ ಪ್ರಸಿದ್ಧ ನಿದರ್ಶನ. ಕೊಲೆಯೊಂದರ ಬಗ್ಗೆ ಸಾಕ್ಷ್ಯ ನುಡಿದರೆ ಅವನ ಮೇಲೆ ಕ್ರಮ ಜರುಗಿಸುವುದಿಲ್ಲವೆಂದು ಗವರ್ನರ್ ಲ್ಯೂ ವಾಲೆಸ್ 1879ರಲ್ಲಿ ಮಾತು ಕೊಟ್ಟರು. ಅವನು ಸಾಕ್ಷ್ಯ ನುಡಿದರೂ ಕ್ಷಮೆ ಬರಲಿಲ್ಲ. ಮುಂದೆ ಮರಣದಂಡನೆಗೆ ಗುರಿಯಾಗಿ, ಸೆರೆಯಿಂದ ತಪ್ಪಿಸಿಕೊಂಡ ಆತನನ್ನು ಷೆರಿಫ್ ಪ್ಯಾಟ್ ಗ್ಯಾರೆಟ್ 1881ರ ಜುಲೈ 14ರ ರಾತ್ರಿ ಗುಂಡಿಕ್ಕಿ ಕೊಂದ. ಆಗ್ನೇಯ ಯೂಟಾದ ರಾಬರ್ಸ್ ರೂಸ್ಟ್ ಎಂಬ ಕಲ್ಲುಗಣಿವೆಗಳ ಜಾಲ ದರೋಡೆಕೋರ ಬುಚ್ ಕ್ಯಾಸಿಡಿಯ ತಂಡಕ್ಕೆ ಅಡಗುದಾಣವಾಗಿತ್ತು. ಅರಿಝೋನಾ ಪ್ರಾಂತದ ಯೂಮಾ ಸೆರೆಮನೆ 1876ರಿಂದ 1909ರವರೆಗೆ ನಡೆದು, ಸುತ್ತಲಿನ ಮರಳುಗಾಡೇ ಅದರ ಎರಡನೆಯ ಗೋಡೆ ಎಂಬ ಖ್ಯಾತಿ ಪಡೆಯಿತು.

ಸಾಹಿತ್ಯದಲ್ಲಿ ಉಗಮ

1860ರ ದಶಕದಿಂದ ಪ್ರಕಟವಾಗುತ್ತಿದ್ದ ಅಗ್ಗದ ಸಾಹಸಕಥೆಗಳಲ್ಲಿ ದರೋಡೆಕೋರರು ಹೇರಳವಾಗಿದ್ದರೂ, ಅವರ ಅಂತರಂಗಕ್ಕೆ ಅಲ್ಲಿ ಎಡೆ ಇರಲಿಲ್ಲ. ಫ್ರಾಂಕ್ ನಾರಿಸ್ 1899ರಲ್ಲಿ ಬರೆದ 'ಮ್ಯಾಕ್‌ಟೀಗ್' ವೆಸ್ಟರ್ನ್ ಕಾದಂಬರಿಯಲ್ಲವಾದರೂ, ಹೆಂಡತಿಯನ್ನು ಕೊಂದು ಚಿನ್ನದೊಡನೆ ಓಡಿದವನನ್ನು ಡೆತ್ ವ್ಯಾಲಿಯ ನಡುವೆ ತಂದು ನಿಲ್ಲಿಸಿ, ಬೆನ್ನಟ್ಟಿ ಬಂದವನ ಹೆಣಕ್ಕೆ ಬೇಡಿಯಿಂದ ಬಂಧಿತನನ್ನಾಗಿಸುವ ಅದರ ಅಂತ್ಯ ಮುಂದಿನ ಅನೇಕ ಕೃತಿಗಳಿಗೆ ಮಾದರಿಯಾಯಿತು. ಏರಿಕ್ ವಾನ್ ಸ್ಟ್ರೋಹೈಮ್ ಇದನ್ನು 'ಗ್ರೀಡ್' ಎಂಬ ಮೂಕಿ ಚಿತ್ರವಾಗಿಸಿದಾಗ (1924), ಆ ದೃಶ್ಯಗಳನ್ನು ಬೇಸಗೆಯಲ್ಲಿ ಡೆತ್ ವ್ಯಾಲಿಯಲ್ಲಿಯೇ ಚಿತ್ರೀಕರಿಸಿದರು.

ಶಾಖೆಗೆ ಸ್ಪಷ್ಟ ರೂಪ ಕೊಟ್ಟವರು ಝೇನ್ ಗ್ರೇ. 1912ರ 'ರೈಡರ್ಸ್ ಆಫ್ ದ ಪರ್ಪಲ್ ಸೇಜ್' ಕಾದಂಬರಿಯ ಕೊನೆಯಲ್ಲಿ ಬಂದೂಕುಗಾರ ಲ್ಯಾಸಿಟರ್ ಮತ್ತು ಜೇನ್ ವಿದರ್‌ಸ್ಟೀನ್, ಬೆನ್ನಟ್ಟಿದವರ ಮೇಲೆ ದೊಡ್ಡ ಬಂಡೆಯನ್ನು ಉರುಳಿಸಿ, ತಾವಿರುವ ಕಣಿವೆಯ ಬಾಯನ್ನು ಶಾಶ್ವತವಾಗಿ ಮುಚ್ಚಿಕೊಳ್ಳುತ್ತಾರೆ. ಪ್ರೇಮಕ್ಕೆ ಆಶ್ರಯ ಸಿಗಬೇಕಾದರೆ ಲೋಕವನ್ನೇ ಬಿಡಬೇಕಾಗುತ್ತದೆ. 1923ರ 'ವಾಂಡರರ್ ಆಫ್ ದ ವೇಸ್ಟ್‌ಲ್ಯಾಂಡ್' ಅಪರಾಧಪ್ರಜ್ಞೆಯ ದೃಷ್ಟಿಯಿಂದ ಇನ್ನೂ ಮುಖ್ಯವಾದುದು. ಅಣ್ಣನನ್ನು ಕೊಂದೆನೆಂದು ನಂಬಿದ ಆಡಮ್ ಲ್ಯಾರಿ ಎಂಬ ಯುವಕ ಮರುಭೂಮಿಗೆ ಓಡಿ, ವರ್ಷಾನುಗಟ್ಟಲೆ ಅಲ್ಲಿಯೇ ಅಲೆದು, ಕಂಡವರ ಕಷ್ಟಕ್ಕೆ ಒದಗುತ್ತ, ತಾನು ಪ್ರೀತಿಸಿದವಳನ್ನೂ ಬಿಟ್ಟು ಶರಣಾಗಲು ಹಿಂದಿರುಗಿದಾಗ ಅಣ್ಣ ಸತ್ತೇ ಇರಲಿಲ್ಲವೆಂದು ತಿಳಿಯುತ್ತದೆ. ಕಾನೂನಿನ ಲೆಕ್ಕದಲ್ಲಿ ಕೊಲೆಯೇ ನಡೆದಿಲ್ಲ. ಆದರೆ ಅವನು ಅನುಭವಿಸಿದ ಶಿಕ್ಷೆ ಪೂರ್ಣವಾಗಿ ನಡೆದುಹೋಗಿದೆ, ಮತ್ತು ಅವನನ್ನು ಮನುಷ್ಯನನ್ನಾಗಿಸಿದ್ದೂ ಅದೇ. ಅಪರಾಧವಿಲ್ಲದ ಅಪರಾಧಪ್ರಜ್ಞೆಯನ್ನು ಇಷ್ಟು ದೀರ್ಘವಾಗಿ ಹಿಂಬಾಲಿಸಿದ ಜನಪ್ರಿಯ ಕಾದಂಬರಿ ಆ ಕಾಲದಲ್ಲಿ ಅಪರೂಪ.

ಕಥೆಯ ರಚನೆ

ಸಾಮಾನ್ಯವಾಗಿ ಕಥೆ ಬ್ಯಾಂಕ್ ದರೋಡೆ, ಕೊಲೆ ಅಥವಾ ಸೆರೆಮನೆಯಿಂದ ಪಾರಾಗುವುದರೊಡನೆ ಆರಂಭವಾಗುತ್ತದೆ. ಪಾಸಿಯಿಂದ ತಪ್ಪಿಸಿಕೊಳ್ಳಲು ಪಲಾಯಿತರು ಬೇರೆ ಯಾರೂ ಕಾಲಿಡದ ಒಣನೆಲವನ್ನು ಆರಿಸಿಕೊಳ್ಳುತ್ತಾರೆ. ನೀರು ಮುಗಿಯುತ್ತದೆ, ಕುದುರೆಗಳು ಬೀಳುತ್ತವೆ, ಹಂಚಿಕೊಳ್ಳಬೇಕಾದ ಹಣಕ್ಕೆ ಬೆಲೆಯೇ ಇಲ್ಲವಾಗುತ್ತದೆ. ಈ ಹಂತದಲ್ಲಿ ತಮಗಿಂತ ಅಸಹಾಯಕರಾದ ಯಾರೋ ಅವರಿಗೆ ಎದುರಾಗುತ್ತಾರೆ: ಕೂಸು, ಒಂಟಿ ಹೆಣ್ಣು, ಮುದುಕ ಅಥವಾ ಗಾಯಗೊಂಡ ಜೊತೆಗಾರ. ಅವರನ್ನು ಬಿಟ್ಟು ಹೋಗುವುದೋ ಹೊತ್ತು ನಡೆಯುವುದೋ ಎಂಬ ಆಯ್ಕೆಯೇ ಈ ಕಥೆಗಳಲ್ಲಿ ನಡೆಯುವ ನಿಜವಾದ ವಿಚಾರಣೆ. ನ್ಯಾಯಾಲಯದ ದೃಶ್ಯ ಬರುವುದಾದರೆ ಆಮೇಲೆ ಬರುತ್ತದೆ, ಮತ್ತು ಅಷ್ಟರಲ್ಲಿ ತೀರ್ಪು ಆಗಿಹೋಗಿರುತ್ತದೆ.

ಈ ರಚನೆಯ ಶುದ್ಧ ಉದಾಹರಣೆ ಪೀಟರ್ ಬಿ. ಕೈನ್ 1912ರಲ್ಲಿ ಪತ್ರಿಕೆಯಲ್ಲಿ ಪ್ರಕಟಿಸಿ, ಮರುವರ್ಷ ಪುಸ್ತಕವಾಗಿ ತಂದ 'ದ ತ್ರೀ ಗಾಡ್‌ಫಾದರ್ಸ್'. ದರೋಡೆ ಮಾಡಿ ಓಡುತ್ತಿರುವ ಮೂವರು ಮರಳುಗಾಡಿನಲ್ಲಿ ಹೆರಿಗೆಯಾಗಿ ಸಾಯುತ್ತಿರುವ ತಾಯಿಯೊಬ್ಬಳನ್ನು ಕಂಡು, ಮಗುವನ್ನು ಕಾಪಾಡುವೆವೆಂದು ಮಾತು ಕೊಟ್ಟು, ತಾವು ತಪ್ಪಿಸಿಕೊಂಡು ಬಂದ ದಿಕ್ಕಿನತ್ತಲೇ ಮರಳಿ ನಡೆಯುತ್ತಾರೆ. ಕ್ರಿಸ್ತಜನನದ ಕಥೆಯಲ್ಲಿ ಬರುವ ಮೂವರು ಜ್ಞಾನಿಗಳ ನೆನಪು ಇದರ ಹಿಂದೆ ಇದೆ. ಎಡ್ವರ್ಡ್ ಲಸೇಂಟ್ (1916), ಜಾನ್ ಫೋರ್ಡ್ (1919, 'ಮಾರ್ಕ್ಡ್ ಮೆನ್', ಈಗ ನಷ್ಟವಾಗಿದೆ), ವಿಲಿಯಂ ವೈಲರ್ (1929, 'ಹೆಲ್ಸ್ ಹೀರೋಸ್'), ರಿಚರ್ಡ್ ಬೊಲೆಸ್ಲಾವ್ಸ್ಕಿ (1936) ಮತ್ತು ಮತ್ತೊಮ್ಮೆ ಫೋರ್ಡ್ (1948) ಇದನ್ನು ತೆರೆಗೆ ತಂದರು. ವೈಲರ್ ಚಿತ್ರದಲ್ಲಿ ಕೊನೆಗೆ ಉಳಿದವನು, ಊರು ತಲುಪುವಷ್ಟು ಶಕ್ತಿ ಸಿಗಲೆಂದು, ವಿಷವೆಂದು ತಿಳಿದೂ ಒರತೆಯ ನೀರು ಕುಡಿದು, ಮಗುವನ್ನು ತಲುಪಿಸಿ ಸಾಯುತ್ತಾನೆ. ಫೋರ್ಡರ 1948ರ ಬಣ್ಣದ ಚಿತ್ರದಲ್ಲಿ ಜಾನ್ ವೇಯ್ನ್ ವಹಿಸಿದ ಪಾತ್ರ ಬದುಕುಳಿದು, ಮಗುವಿನ ಮೇಲಿನ ಹಕ್ಕನ್ನು ಬಿಟ್ಟುಕೊಡಲು ಒಪ್ಪದೆ, ಒಂದು ವರ್ಷ ಒಂದು ದಿನದ ಸೆರೆವಾಸವನ್ನು ಸಂತೋಷದಿಂದ ಸ್ವೀಕರಿಸುತ್ತದೆ. ಎರಡರಲ್ಲಿ ವೈಲರ್ ಚಿತ್ರವೇ ಕಠಿನವೂ ಪ್ರಾಮಾಣಿಕವೂ ಆದುದು. ಬಹುಮಾನದ ಆಸೆಯನ್ನೇ ತೆಗೆದುಹಾಕಿದಾಗ ಮಾತ್ರ ಆ ನಡಿಗೆಯ ಬೆಲೆ ಕಾಣುತ್ತದೆ.

ಅಪರಾಧಪ್ರಜ್ಞೆಯ ಬಗೆಗಳು

ಅಪರಾಧಪ್ರಜ್ಞೆ ಓಡುವವನಲ್ಲಿ ಮಾತ್ರ ಇರಬೇಕಾಗಿಲ್ಲ. ಹೆನ್ರಿ ಕಿಂಗ್ ನಿರ್ದೇಶಿಸಿದ 'ದ ಬ್ರಾವಾಡೋಸ್' (1958) ಚಿತ್ರದಲ್ಲಿ ಗ್ರೆಗರಿ ಪೆಕ್ ವಹಿಸಿದ ಪಾತ್ರ, ತನ್ನ ಹೆಂಡತಿಯನ್ನು ಕೊಂದವರೆಂದು ನಂಬಿ ನಾಲ್ವರು ಸೆರೆಯಾಳುಗಳನ್ನು ಬೆನ್ನಟ್ಟಿ, ಒಬ್ಬೊಬ್ಬರಾಗಿ ಮೂವರನ್ನು ಮುಗಿಸಿದ ಮೇಲೆ, ಆ ಕೊಲೆಯನ್ನು ಅವರು ಮಾಡಿರಲಿಲ್ಲವೆಂಬುದು ನಾಲ್ಕನೆಯವನಿಂದ ತಿಳಿಯುತ್ತದೆ. ಸತ್ತವರು ಬೇರೆ ಅಪರಾಧಗಳಿಗಾಗಿ ಗಲ್ಲಿಗೇರಬೇಕಾಗಿದ್ದವರೇ ಆದುದರಿಂದ ಊರ ಜನ ಅವನನ್ನು ವೀರನೆಂದು ಕೊಂಡಾಡುತ್ತಾರೆ, ಅವನೋ ಚರ್ಚಿನಲ್ಲಿ ಕ್ಷಮೆ ಬೇಡುತ್ತಾನೆ. ಇದಕ್ಕೆ ಎದುರಾಗಿ ನಿಲ್ಲುವ ಚಿತ್ರ ಮಾಂಟಿ ಹೆಲ್ಮನ್ ಯೂಟಾದಲ್ಲಿ ಚಿತ್ರೀಕರಿಸಿದ 'ರೈಡ್ ಇನ್ ದ ವರ್ಲ್‌ವಿಂಡ್' (1966). ಅದರಲ್ಲಿ ಏನೂ ತಪ್ಪು ಮಾಡದ ದನಗಾಹಿಗಳು ದರೋಡೆಕೋರರೆಂಬ ಶಂಕೆಗೆ ಗುರಿಯಾಗಿ ಓಡತೊಡಗಿ, ಓಟದ ಒತ್ತಡದಲ್ಲಿಯೇ ನಿಜವಾದ ಅಪರಾಧಕ್ಕೆ ಕೈಹಾಕುವಂತಾಗುತ್ತದೆ.

ವಿಲಿಯಂ ವೆಲ್ಮನ್‌ರ 'ಯೆಲ್ಲೋ ಸ್ಕೈ' (1948) ಮೂರನೆಯ ಬಗೆಯದು. ಬ್ಯಾಂಕ್ ದೋಚಿದ ತಂಡ ಉಪ್ಪಿನ ಬಯಲನ್ನು ದಾಟಿ, ಜನ ಬಿಟ್ಟುಹೋದ ಊರೊಂದರಲ್ಲಿ ಅಜ್ಜ ಮತ್ತು ಮೊಮ್ಮಗಳನ್ನು ಕಾಣುತ್ತದೆ. ಆಕೆಯ ಮೇಲಿನ ಒಲವಿನಿಂದ ಬದಲಾದ ನಾಯಕ ಕೊನೆಗೆ ಬ್ಯಾಂಕಿಗೆ ಹೋಗಿ ದೋಚಿದ ಹಣವನ್ನು ಹಿಂದಿರುಗಿಸುತ್ತಾನೆ. ಪಶ್ಚಾತ್ತಾಪವೆಂದರೆ ಕಳೆದುದನ್ನು ತುಂಬಿಕೊಡುವುದು ಎಂಬ ಸರಳ ನಿಲುವು ಇದರದು.

ನ್ಯಾಯದ ಪರಿಕಲ್ಪನೆ

ಈ ಶಾಖೆಯಲ್ಲಿ ನ್ಯಾಯವು ಶಾಸನಬದ್ಧ ಕಾನೂನು, ಗುಂಪಿನ ಕೋಪ, ವೈಯಕ್ತಿಕ ಸೇಡು ಎಂಬ ಮೂರು ರೂಪಗಳಲ್ಲಿ ಬಂದು ಒಂದನ್ನೊಂದು ತಡೆಯುತ್ತದೆ. ಜಾನ್ ಫೋರ್ಡರ 'ಸ್ಟೇಜ್‌ಕೋಚ್' (1939) ಚಿತ್ರದ ರಿಂಗೊ ಕಿಡ್ ಸೆರೆಯಿಂದ ತಪ್ಪಿಸಿಕೊಂಡವನು. ತಂದೆ ಮತ್ತು ತಮ್ಮನನ್ನು ಕೊಂದವರ ಮೇಲೆ ಲಾರ್ಡ್ಸ್‌ಬರ್ಗ್ ಊರಿನಲ್ಲಿ ಸೇಡು ತೀರಿಸಿಕೊಂಡ ಮೇಲೆ, ಅವನನ್ನು ಬಂಧಿಸಬೇಕಾದ ಮಾರ್ಷಲನೇ ಅವನನ್ನೂ ಊರವರು ಹೊರಗಟ್ಟಿದ ಡಲ್ಲಾಸ್ ಎಂಬಾಕೆಯನ್ನೂ ಗಾಡಿಯಲ್ಲಿ ಕೂರಿಸಿ ಗಡಿಯತ್ತ ಕಳುಹಿಸಿಕೊಡುತ್ತಾನೆ. ಬಡ್ ಬೆಟಿಕರ್ ನಿರ್ದೇಶನದ 'ರೈಡ್ ಲೋನ್‌ಸಮ್' (1959) ಕ್ಷಮಾದಾನವನ್ನೇ ಕಥೆಯ ತಿರುಳಾಗಿಸಿಕೊಂಡ ಅಪರೂಪದ ಚಿತ್ರ: ಬಂಧಿತ ಕೊಲೆಗಾರನೊಬ್ಬನನ್ನು ಒಪ್ಪಿಸಿದವರ ಹಳೆಯ ಅಪರಾಧಗಳು ಮನ್ನಾ ಆಗುವುದರಿಂದ, ಹೊಸ ಬದುಕು ಬಯಸುವ ಇಬ್ಬರು ಪಲಾಯಿತರು ಅವನಿಗಾಗಿ ಕಾಯುತ್ತಾರೆ, ಆದರೆ ಅವನನ್ನು ಹಿಡಿದಿರುವ ರ‍್ಯಾಂಡಾಲ್ಫ್ ಸ್ಕಾಟ್‌ನ ಪಾತ್ರಕ್ಕೆ ಬೇಕಾಗಿರುವುದು, ತನ್ನ ಹೆಂಡತಿಯನ್ನು ಮರಕ್ಕೆ ನೇಣುಹಾಕಿದ ಅವನ ಅಣ್ಣ. ಸೇಡು ತೀರಿದ ಮೇಲೆ ಬಂಧಿತನನ್ನು ಅವರಿಗೆ ಬಿಟ್ಟುಕೊಟ್ಟು, ಆ ಮರಕ್ಕೆ ಬೆಂಕಿ ಹಚ್ಚುತ್ತಾನೆ. ಡೆಲ್ಮರ್ ಡೇವ್ಸ್‌ರ '3:10 ಟು ಯೂಮಾ' (1957) ಚಿತ್ರದಲ್ಲಿ ದರೋಡೆಕೋರ ತನ್ನನ್ನು ಕಾವಲು ಕಾಯುವ ಬಡ ರೈತನ ಮೇಲಿನ ಗೌರವದಿಂದ ತಾನಾಗಿಯೇ ಸೆರೆಮನೆಯ ರೈಲು ಹತ್ತುತ್ತಾನೆ.

ಪ್ರೇಮದ ಸ್ಥಾನ

ಪಲಾಯಿತನ ಪ್ರೇಮ ಮದುವೆಯಲ್ಲಿ ಮುಗಿಯುವುದು ವಿರಳ, ಏಕೆಂದರೆ ಮದುವೆಗೆ ಊರು ಬೇಕು, ಊರಿನಲ್ಲಿ ಷೆರಿಫ್ ಇರುತ್ತಾನೆ. ಹೀಗಾಗಿ ಪ್ರೇಮಿಗಳ ಮುಂದೆ ಗಡಿ ದಾಟುವುದು, ಶರಣಾಗುವುದು, ಜೊತೆಯಾಗಿ ಸಾಯುವುದು ಎಂಬ ದಾರಿಗಳಷ್ಟೇ ಉಳಿಯುತ್ತವೆ. ರೌಲ್ ವಾಲ್ಶ್ 1941ರ ತಮ್ಮದೇ 'ಹೈ ಸಿಯೆರಾ' ಎಂಬ ಅಪರಾಧ ಚಿತ್ರವನ್ನು ವೆಸ್ಟರ್ನ್ ಆಗಿ ಮಾರ್ಪಡಿಸಿದ 'ಕೊಲರಾಡೊ ಟೆರಿಟರಿ' (1949) ಕೊನೆಯ ದಾರಿಯನ್ನು ಹಿಡಿಯುತ್ತದೆ. ಗೌರವಸ್ಥ ಮನೆತನದ ಹುಡುಗಿಯನ್ನು ಬಯಸಿದ ದರೋಡೆಕೋರ ಅವಳಿಂದ ವಂಚಿತನಾಗಿ, ತನ್ನಂತೆಯೇ ಸಮಾಜದ ಹೊರಗಿರುವ ಹೆಣ್ಣಿನಲ್ಲಿ ಸಮಾನಳನ್ನು ಕಾಣುತ್ತಾನೆ. ಬಂದೂಕು ಹಿಡಿದು ಅವನ ಪಕ್ಕಕ್ಕೆ ಬರುವ ಆಕೆ ಅವನೊಡನೆಯೇ ಗುಂಡಿಗೆ ಬಲಿಯಾಗುತ್ತಾಳೆ. ಈ ಶಾಖೆಯ ಹೆಣ್ಣು ಪಾತ್ರಗಳಲ್ಲಿ ಬಹುಪಾಲು ಗಂಡಸನ್ನು ತಿದ್ದುವ ಸಾಧನಗಳಾಗಿಯಷ್ಟೇ ಉಳಿದಿರುವುದರಿಂದ, ತನ್ನ ಆಯ್ಕೆಯನ್ನು ತಾನೇ ಮಾಡುವ ಈ ಪಾತ್ರಕ್ಕೆ ವಿಶೇಷ ಮಹತ್ವವಿದೆ.

ನಿರ್ಮಾಣ ಸಂಹಿತೆಯ ಪ್ರಭಾವ

ಅಮೆರಿಕದ ಚಿತ್ರೋದ್ಯಮ 1930ರಲ್ಲಿ ಅಂಗೀಕರಿಸಿ 1934ರಿಂದ ಕಟ್ಟುನಿಟ್ಟಾಗಿ ಜಾರಿಗೊಳಿಸಿದ ನಿರ್ಮಾಣ ಸಂಹಿತೆ, ಅಂದರೆ ಚಿತ್ರಗಳಲ್ಲಿ ಏನನ್ನು ತೋರಿಸಬಹುದೆಂಬ ನೈತಿಕ ನಿಯಮಾವಳಿ, ಅಪರಾಧದ ಕಡೆಗೆ ಪ್ರೇಕ್ಷಕರ ಸಹಾನುಭೂತಿ ಹರಿಯಬಾರದೆಂದು ವಿಧಿಸಿತು. 1940ರ ದಶಕದ ಅಷ್ಟೊಂದು ಪಲಾಯಿತರು ಕೊನೆಯ ಸುರುಳಿಯಲ್ಲಿ ಸಾಯುವುದಕ್ಕೂ ಹಣ ಹಿಂದಿರುಗಿಸುವುದಕ್ಕೂ ಇದೊಂದು ಕಾರಣ. ಆಧುನಿಕ ಕಾಲದ ಕಥೆಗಳಲ್ಲಿ ಸೇಡನ್ನು ಸಮರ್ಥಿಸಕೂಡದೆಂದು ಸಂಹಿತೆ ಹೇಳಿದ್ದರಿಂದ, ಹಿಂದಿನ ಶತಮಾನದಲ್ಲಿ ನಡೆಯುವ ವೆಸ್ಟರ್ನ್‌ಗೆ ಒಂದಷ್ಟು ಸಡಿಲಿಕೆ ದೊರೆಯಿತು. 1968ರಲ್ಲಿ ಸಂಹಿತೆ ಹೋಗಿ ವಯೋಮಿತಿಯ ವರ್ಗೀಕರಣ ಬಂದಿತು. ಮರುವರ್ಷವೇ ತೆರೆಕಂಡ 'ದ ವೈಲ್ಡ್ ಬಂಚ್' ಮತ್ತು 'ಬುಚ್ ಕ್ಯಾಸಿಡಿ ಅಂಡ್ ದ ಸನ್‌ಡ್ಯಾನ್ಸ್ ಕಿಡ್' ಚಿತ್ರಗಳಲ್ಲಿಯೂ ಪಲಾಯಿತರು ಸಾಯುತ್ತಾರೆ, ಆದರೆ ಆ ಸಾವು ಶಿಕ್ಷೆಯಾಗಿ ಉಳಿದಿಲ್ಲ.

ವಿಲ್ಲಿ ಬಾಯ್ ಪ್ರಕರಣ

ಅಪರಾಧ, ನ್ಯಾಯ ಮತ್ತು ಪ್ರೇಮ ಮೂರೂ ನಿಜಜೀವನದಲ್ಲಿ ಒಂದೆಡೆ ಸೇರಿದ ಘಟನೆ 1909ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದ ಬ್ಯಾನಿಂಗ್ ಬಳಿ ನಡೆಯಿತು. ಚೆಮೆವೇವಿ ಮತ್ತು ಪಯೂಟ್ ಮೂಲದ ಯುವಕ ವಿಲ್ಲಿ ಬಾಯ್, ತಾನು ಬಯಸಿದ ಕಾರ್ಲೋಟಾಳ ತಂದೆ ವಿಲಿಯಂ ಮೈಕ್‌ನ ಸಾವಿನ ನಂತರ ಆಕೆಯೊಡನೆ ಮೊಹಾವಿ ಮರುಭೂಮಿಗೆ ಓಡಿದ. ಇಬ್ಬರ ನಡುವೆ ರಕ್ತಸಂಬಂಧವಿದ್ದುದರಿಂದ ಅವರ ಕುಲದ ಕಟ್ಟಳೆಯಂತೆ ಆ ಮದುವೆ ನಿಷಿದ್ಧವಾಗಿತ್ತು. ಪಾಸಿಗಳು ಬೆನ್ನಟ್ಟಿದವು, ಅದೇ ಸುಮಾರಿಗೆ ರಾಷ್ಟ್ರಾಧ್ಯಕ್ಷ ಟಾಫ್ಟ್ ಆ ಪ್ರದೇಶಕ್ಕೆ ಭೇಟಿ ನೀಡಿದ್ದರಿಂದ ಪತ್ರಿಕೆಗಳು ಘಟನೆಯನ್ನು ಇನ್ನಷ್ಟು ಉಬ್ಬಿಸಿದವು. ಕಾರ್ಲೋಟಾಳ ಶವ ದಾರಿಯಲ್ಲಿ ಸಿಕ್ಕಿತು. ಓಟಕ್ಕೆ ಅಡ್ಡಿಯಾದಳೆಂದು ಪ್ರೇಮಿಯೇ ಅವಳನ್ನು ಕೊಂದನೆಂದು ಆಗಿನ ವರದಿಗಳು ಸಾರಿದವು. ಮುಂದೆ ರೂಬಿ ಮೌಂಟನ್ ಎಂಬಲ್ಲಿ ವಿಲ್ಲಿ ಬಾಯ್ ತನಗೆ ತಾನೇ ಗುಂಡು ಹಾರಿಸಿಕೊಂಡನೆಂದು ಹೇಳಿದ ಪಾಸಿಯವರು ಶವವನ್ನು ಅಲ್ಲಿಯೇ ಸುಟ್ಟರು.

ಹ್ಯಾರಿ ಲಾಟನ್ 1960ರಲ್ಲಿ ಇದನ್ನು ಪುಸ್ತಕವಾಗಿಸಿದರು. ಅದನ್ನು ಆಧರಿಸಿ, ಕಮ್ಯುನಿಸ್ಟ್ ವಿರೋಧಿ ವಿಚಾರಣೆಗಳ ಕಾಲದಲ್ಲಿ ಕಪ್ಪುಪಟ್ಟಿಗೆ ಸೇರಿದ್ದ ಅಬ್ರಹಾಂ ಪೊಲೊನ್ಸ್ಕಿ ಎರಡು ದಶಕಗಳ ನಂತರ ಮತ್ತೆ ನಿರ್ದೇಶನಕ್ಕೆ ಮರಳಿ 'ಟೆಲ್ ದೆಮ್ ವಿಲ್ಲಿ ಬಾಯ್ ಈಸ್ ಹಿಯರ್' (1969) ಚಿತ್ರ ಮಾಡಿದರು. 1994ರಲ್ಲಿ ಇತಿಹಾಸಕಾರರಾದ ಜೇಮ್ಸ್ ಸ್ಯಾಂಡೋಸ್ ಮತ್ತು ಲ್ಯಾರಿ ಬರ್ಜೆಸ್, ದಾಖಲೆಗಳನ್ನೂ ಮೂಲನಿವಾಸಿ ಹಿರಿಯರ ನೆನಪುಗಳನ್ನೂ ಒಟ್ಟಿಗಿಟ್ಟು, ಕಾರ್ಲೋಟಾ ಸತ್ತದ್ದು ಪಾಸಿಯ ಗುಂಡಿನಿಂದ ಎಂದು ವಾದಿಸಿದರು. ವಿಲ್ಲಿ ಬಾಯ್ ತಪ್ಪಿಸಿಕೊಂಡು ನೆವಾಡಾದ ಕಡೆ ಬದುಕಿದನೆಂಬುದು ಆ ಸಮುದಾಯಗಳ ಮೌಖಿಕ ಪರಂಪರೆಯ ನಿಲುವು. ಮರುಭೂಮಿಯನ್ನು ಬರಡು, ನಿರ್ಜನ ಎಂದು ತೋರಿಸುವ ಬಹುಪಾಲು ವೆಸ್ಟರ್ನ್‌ಗಳು, ಅದರ ಪ್ರತಿಯೊಂದು ಒರತೆಯನ್ನೂ ಹೆಸರಿಟ್ಟು ಕರೆಯುತ್ತಿದ್ದ ಜನರನ್ನು ಮರೆತಿವೆ ಎಂಬುದು ಈ ಪ್ರಕರಣದಿಂದ ಸ್ಪಷ್ಟವಾಗುತ್ತದೆ. ಇದು ಈ ಶಾಖೆಯ ದೊಡ್ಡ ನೈತಿಕ ಕೊರತೆ. ಕೊನೆಯ ಅಪಾಚೆ ಯೋಧರಲ್ಲಿ ಒಬ್ಬನಾದ ಮಸಾಯಿ 1886ರಲ್ಲಿ ಗಡೀಪಾರಿನ ರೈಲಿನಿಂದ ತಪ್ಪಿಸಿಕೊಂಡುದನ್ನು ಆಧರಿಸಿದ ರಾಬರ್ಟ್ ಆಲ್ಡ್ರಿಚ್‌ರ 'ಅಪಾಚೆ' (1954) ಚಿತ್ರದಲ್ಲಿಯೂ ನಾಯಕನ ಪಾತ್ರ ಬಿಳಿಯ ನಟ ಬರ್ಟ್ ಲ್ಯಾಂಕಾಸ್ಟರ್ ಪಾಲಾಯಿತು.

ಭಾರತದಲ್ಲಿ

ರಮೇಶ್ ಸಿಪ್ಪಿ ನಿರ್ದೇಶನದ ಹಿಂದಿ ಚಿತ್ರ 'ಶೋಲೆ' (1975) ಈ ಶಾಖೆಯ ಅಂಶಗಳನ್ನು ಭಾರತೀಯ ನೆಲಕ್ಕೆ ತಂದ ಮುಖ್ಯ ಕೃತಿಯಾಗಿದ್ದು, ಅದರ ಬಹುಪಾಲು ಹೊರಾಂಗಣ ಚಿತ್ರೀಕರಣ ಬೆಂಗಳೂರಿಗೆ ಸಮೀಪದ ರಾಮನಗರದ ಕಲ್ಲುಬೆಟ್ಟಗಳ ನಡುವೆ ನಡೆಯಿತು. ಮರುಭೂಮಿಯ ಬೋಳುತನವನ್ನು ಇಲ್ಲಿ ಗ್ರಾನೈಟ್ ಬಂಡೆಗಳು ಒದಗಿಸಿದವು. ಸೆರೆಮನೆ ಕಂಡ ಇಬ್ಬರು ಕಳ್ಳರಾದ ಜೈ ಮತ್ತು ವೀರು, ಡಕಾಯಿತ ಗಬ್ಬರ್‌ಸಿಂಗನ ಮೇಲೆ ಠಾಕೂರ್ ತೀರಿಸಿಕೊಳ್ಳಬಯಸುವ ಸೇಡಿಗೆ ನೆರವಾಗುತ್ತ, ತಾವೇ ಮನುಷ್ಯರಾಗಿ ಬೆಳೆಯುತ್ತಾರೆ. ವಿಧವೆ ರಾಧಾಳನ್ನು ಮೌನವಾಗಿ ಒಲಿದ ಜೈ ಸಾಯುವುದು, ಬಸಂತಿಯನ್ನು ಒಲಿದ ವೀರು ಉಳಿಯುವುದು ಎರಡೂ, ಅಮೆರಿಕದ ಮಾದರಿಗಳಂತೆಯೇ, ಸಮಾಜ ಯಾವ ಪ್ರೇಮಕ್ಕೆ ಎಡೆ ಕೊಡುತ್ತಿತ್ತು ಎಂಬುದನ್ನು ತೋರಿಸುತ್ತವೆ. ಠಾಕೂರ್ ಗಬ್ಬರ್‌ಸಿಂಗನನ್ನು ಕೊಲ್ಲುವಂತೆ ಚಿತ್ರೀಕರಿಸಿದ್ದ ಅಂತ್ಯವನ್ನು ಸೆನ್ಸಾರ್ ಮಂಡಳಿಯ ಒತ್ತಾಯದಿಂದ ಬದಲಿಸಿ, ಅವನನ್ನು ಪೊಲೀಸರಿಗೆ ಒಪ್ಪಿಸಿದಂತೆ ಮಾಡಲಾಯಿತು. ಆಗ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು.

ಇಂದಿನ ಸ್ಥಿತಿ

1970ರ ದಶಕದ ನಂತರ ವೆಸ್ಟರ್ನ್ ಚಿತ್ರಗಳ ಸಂಖ್ಯೆ ಇಳಿಮುಖವಾದರೂ, ಪಲಾಯಿತ ಕಥಾನಕ ಕುದುರೆಯನ್ನು ಬಿಟ್ಟು ಕಾರನ್ನು ಹತ್ತಿ ಮುಂದುವರಿಯಿತು. ರಿಡ್ಲಿ ಸ್ಕಾಟ್ ನಿರ್ದೇಶನದ 'ಥೆಲ್ಮಾ ಅಂಡ್ ಲೂಯಿಸ್' (1991) ಅತ್ಯಾಚಾರಕ್ಕೆ ಯತ್ನಿಸಿದವನನ್ನು ಕೊಂದು ಓಡುವ ಇಬ್ಬರು ಹೆಂಗಸರ ಕಥೆಯಾಗಿದ್ದು, ಕಾನೂನು ತಮ್ಮ ಮಾತನ್ನು ನಂಬುವುದಿಲ್ಲ ಎಂಬ ಅರಿವನ್ನೇ ಅವರ ಓಟಕ್ಕೆ ಕಾರಣವಾಗಿಸಿತು. ಕ್ಯಾಲಿ ಕೌರಿ ಬರೆದ ಚಿತ್ರಕಥೆಗೆ ಆಸ್ಕರ್ ದೊರೆಯಿತು. ಡೇವಿಡ್ ಮೆಕೆಂಝಿಯವರ 'ಹೆಲ್ ಆರ್ ಹೈ ವಾಟರ್' (2016) ಚಿತ್ರದ ಸಹೋದರರು ತಾಯಿಯ ಜಮೀನನ್ನು ಅಡವಿನಿಂದ ಬಿಡಿಸಲು, ಅದನ್ನು ಅಡವಿಟ್ಟುಕೊಂಡ ಬ್ಯಾಂಕಿನ ಶಾಖೆಗಳನ್ನೇ ದೋಚುತ್ತಾರೆ.

ಟಾಮಿ ಲೀ ಜೋನ್ಸ್ ನಿರ್ದೇಶಿಸಿ ನಟಿಸಿದ 'ದ ತ್ರೀ ಬೆರಿಯಲ್ಸ್ ಆಫ್ ಮೆಲ್ಕಿಯಾಡೆಸ್ ಎಸ್ತ್ರಾಡಾ' (2005) ಕಥಾನಕವನ್ನು ಇಂದಿನ ಗಡಿಗೆ ತಂದಿದೆ. ಪರವಾನಗಿಯಿಲ್ಲದೆ ಬಂದ ಮೆಕ್ಸಿಕೊದ ದನಗಾಹಿಯನ್ನು ಕೊಂದ ಗಡಿ ಕಾವಲುಗಾರನನ್ನು ಕಾನೂನು ಮುಟ್ಟದಿರುವಾಗ, ಸತ್ತವನ ಗೆಳೆಯ ಅವನನ್ನು ಹಿಡಿದು, ಹೆಣವನ್ನು ಅಗೆಸಿ, ಹುಟ್ಟೂರಿನಲ್ಲಿ ಮಣ್ಣುಮಾಡಲು ಮರುಭೂಮಿಯಾಚೆ ಒಯ್ಯುವಂತೆ ಮಾಡುತ್ತಾನೆ. ಓಡುವವನು, ಬೆನ್ನಟ್ಟುವವನು ಎಂಬ ಹಳೆಯ ಪಾತ್ರಗಳು ಇಲ್ಲಿ ಅದಲುಬದಲಾಗುತ್ತವೆ. ಸೊನೊರನ್ ಮರುಭೂಮಿಯನ್ನು ಇಂದು ಅಡಗಿ ದಾಟುವವರಲ್ಲಿ ಹೆಚ್ಚಿನವರು ಕೂಲಿಗಾಗಿಯೋ ಆಶ್ರಯಕ್ಕಾಗಿಯೋ ಹೊರಟ ವಲಸೆಗಾರರಾಗಿದ್ದು, ಅರಿಝೋನಾದಲ್ಲಿ ಸ್ವಯಂಸೇವಾ ಸಂಘಟನೆಗಳು ಅವರ ದಾರಿಯಲ್ಲಿ ನೀರು ಇಡುತ್ತಿರುವುದು ಕಾನೂನು ಮತ್ತು ಮಾನವೀಯ ಕರ್ತವ್ಯದ ನಡುವಿನ ವಿವಾದವಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ವಿಲ್ಲಿ ಬಾಯ್ ಮತ್ತು ಕಾರ್ಲೋಟಾರ ಕಥೆಯನ್ನು ಮೂಲನಿವಾಸಿ ಸಮುದಾಯಗಳ ಮೌಖಿಕ ಪರಂಪರೆಗೆ ಹತ್ತಿರವಾಗಿ ಹೇಳುವ 'ದ ಲಾಸ್ಟ್ ಮ್ಯಾನ್‌ಹಂಟ್' ಚಿತ್ರ 2022ರಲ್ಲಿ ಬಿಡುಗಡೆಯಾಗಿದೆ.